ಕಾಫಿಯಲ್ಲಿ ಕೊಂಬುಚ ಮಾಡಬಹುದಾ?

ಪ್ರಶ್ನೆ: ಮಗಳು ಬೆಂಗಳೂರಿನಿಂದ ಕೊಂಬುಚದ (ಸಿಹಿ ಟೀ ಹುದುಗಿಸಿ ಮಾಡುವ ಹುಳಿ ಪಾನೀಯ) ಸ್ಕೋಬಿ, ಅಂದರೆ ಅದನ್ನು ಹುದುಗಿಸುವ ಯೀಸ್ಟ್, ಬ್ಯಾಕ್ಟೀರಿಯಾಗಳ ಲೋಳೆ ಪದರ, ತಂದುಕೊಟ್ಟಿದ್ದಾಳೆ. ಟೀ ಬದಲು ನಮ್ಮ ತೋಟದ ಕಾಫಿಯಲ್ಲೇ ಮಾಡಬಹುದಾ? ನಮ್ಮ ಯಜಮಾನರಿಗೆ ಶುಗರ್ ಇದೆ. ಕೊಂಬುಚ ಕುಡಿದರೆ ಇಳಿಯುತ್ತದೆ ಅಂತಾರೆ, ನಿಜವೇ?
– ಓದುಗರು, ಸಕಲೇಶಪುರ

ಉತ್ತರ: ಧಾರಾಳವಾಗಿ ಮಾಡಬಹುದು. ನಾನೂ ಮನೆಯಲ್ಲಿ ಮಾಡುತ್ತೇನೆ. ಹುಳಿ, ಸಿಹಿ, ಹಿಂದಿನಿಂದ ಕಾಫಿಯ ಘಮ. ತಣ್ಣಗೆ ಕುಡಿದರೆ ಬಹಳ ರುಚಿ.

ಪುಡಿಯಲ್ಲಿ ಚಿಕೋರಿ ಬೇಡ. ನಿಮ್ಮ ತೋಟದ ಅರೇಬಿಕಾ ಇದ್ದರೆ ಅದೇ ಸಾಕು. ರೊಬಸ್ಟಾದಲ್ಲಿ ಕಹಿ ಜಾಸ್ತಿ, ಕೆಫೀನೂ ಹೆಚ್ಚುಕಡಿಮೆ ದುಪ್ಪಟ್ಟು. ಫಿಲ್ಟರ್ ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿ, ಕುಡಿಯುವ ಕರಿಕಾಫಿಯ ಹದಕ್ಕೆ ತನ್ನಿ. ಬಿಸಿಯಿರುವಾಗಲೇ ಲೀಟರಿಗೆ 80 ಗ್ರಾಂ ಸಕ್ಕರೆ ಕರಗಿಸಿ. ಪೂರ್ತಿ ಆರಿದ ಮೇಲೆ ಸ್ಕೋಬಿ ಹಾಕಿ, ಬಿಸಿಗೆ ಅದು ಸತ್ತೇ ಹೋಗುತ್ತದೆ. ಅದರ ಜೊತೆ ಬಂದ ಹುಳಿನೀರನ್ನು ದಯವಿಟ್ಟು ಚೆಲ್ಲಬೇಡಿ. ಲೀಟರಿಗೆ 150 ಮಿಲಿಯಾದರೂ ಬೇಕು. ಮೊದಲ ದಿನದಿಂದಲೇ ಹುಳಿ ಇದ್ದರೆ ಬೂಷ್ಟು ಹಿಡಿಯುವುದು ಕಷ್ಟ. ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ಇದು ಬಹಳ ಮುಖ್ಯ.

ಗಾಜಿನ ಜಾಡಿಯನ್ನೇ ಬಳಸಿ. ತಾಮ್ರ, ಹಿತ್ತಾಳೆ ಬೇಡ. ಹಳೆಯ ಪಿಂಗಾಣಿ ಭರಣಿಯೂ ಬೇಡ, ಅದರ ಹೊಳಪಿನಲ್ಲಿ ಸೀಸ ಇದ್ದರೆ ಹುಳಿಗೆ ಬಿಟ್ಟುಕೊಳ್ಳುತ್ತದೆ. ಬಾಯಿಗೆ ಒತ್ತಾದ ಬಟ್ಟೆ ಕಟ್ಟಿ, ಬಿಸಿಲು ಬೀಳದ ಕಡೆ ಇಡಿ. ಒಂದು ವಾರಕ್ಕೆ ರುಚಿ ನೋಡಿ. ಚಳಿಯಿದ್ದರೆ ಇನ್ನೂ ಕೆಲವು ದಿನ ಬಿಡಿ. ಕಾಫಿಗೆ ಹಾಕಿದ ಸ್ಕೋಬಿಯನ್ನು ಮತ್ತೆ ಟೀಗೆ ಹಾಕಬೇಡಿ, ಕಾಫಿಯ ಎಣ್ಣೆ, ವಾಸನೆ ಅಂಟಿರುತ್ತದೆ. ಒಂದು ಪದರವನ್ನು ಟೀಯಲ್ಲೇ ಉಳಿಸಿಕೊಂಡಿರಿ.

ಈಗ ಶುಗರ್ ವಿಷಯ. ಯೀಸ್ಟ್ ಸಕ್ಕರೆಯನ್ನು ಒಡೆದು ಸ್ವಲ್ಪ ಆಲ್ಕೋಹಾಲ್ ಮಾಡುತ್ತದೆ, ಬ್ಯಾಕ್ಟೀರಿಯಾ ಅದನ್ನು ವಿನೆಗರ್‌ನ ಹುಳಿಯಾಗಿಸುತ್ತದೆ. ಆದರೆ ವಾರದಲ್ಲಿ ಸಕ್ಕರೆ ಪೂರ್ತಿ ಖಾಲಿಯಾಗುವುದಿಲ್ಲ. ಸಿಹಿ ನಾಲಿಗೆಗೇ ಗೊತ್ತಾಗುತ್ತದಲ್ವಾ? ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಕ್ಕರೆ ಕಾಯಿಲೆಯವರು ನಾಲ್ಕು ವಾರ ದಿನಾ 240 ಮಿಲಿ ಕುಡಿದಾಗ ಖಾಲಿಹೊಟ್ಟೆಯ ಶುಗರ್ ಸರಾಸರಿ 164ರಿಂದ 116ಕ್ಕೆ ಇಳಿಯಿತು. ಸುದ್ದಿ ಹಬ್ಬಿದ್ದು ಹೀಗೆ. ಅದರಲ್ಲಿದ್ದವರು 12 ಜನ ಮಾತ್ರ, ಕುಡಿದದ್ದು ಟೀಯ ಕೊಂಬುಚ. ಅದನ್ನು ನಂಬಿ ಯಜಮಾನರ ಮಾತ್ರೆ ತಪ್ಪಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಕುಡಿಯಲೇಬೇಕೆಂದಿದ್ದರೆ ಡಾಕ್ಟರನ್ನು ಕೇಳಿ, ಅರ್ಧ ಲೋಟ ಕುಡಿದು ಗ್ಲೂಕೋಮೀಟರ್‌ನಲ್ಲಿ ನೋಡಲಿ. ಇನ್ನು ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಮ್ಲ ಶುಗರ್‌ಗೆ ಒಳ್ಳೆಯದು ಅಂತಾರಲ್ಲ, ಅದು ಬೆಳಗಿನ ಕಾಫಿಯಲ್ಲೂ ಇದೆ.

ಮನೆಯದರಲ್ಲಿ ಆಲ್ಕೋಹಾಲ್ ಶೇ. 0.5 ಮೀರಬಹುದು. ಗರ್ಭಿಣಿಯರಿಗೆ, ಮಕ್ಕಳಿಗೆ, ಲಿವರ್ ತೊಂದರೆಯವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಕೊಡಬೇಡಿ. ಕೆಫೀನ್ ಬಹುಪಾಲು ಉಳಿದಿರುತ್ತದೆ, ರಾತ್ರಿ ಬೇಡ.

ಪ್ರಶ್ನೆ: ಜಾಡಿಯ ಮೇಲೆ ಬಿಳಿ ಪದರ ಬಂದಿದೆ. ಬೂಷ್ಟೇ?
– ಓದುಗರು, ಮಡಿಕೇರಿ

ಉತ್ತರ: ಒದ್ದೆಯಾಗಿ, ನುಣ್ಣಗೆ, ಲೋಳೆಯಂತಿದ್ದರೆ ಹೊಸ ಸ್ಕೋಬಿ ಹುಟ್ಟುತ್ತಿದೆ, ಖುಷಿಪಡಿ. ಕಂದು ಎಳೆಗಳು ನೇತಾಡುತ್ತಿದ್ದರೆ ಅದು ಯೀಸ್ಟ್. ಒಣಗಿ, ರೋಮ ಬಂದಂತಿದ್ದರೆ ಬೂಷ್ಟು, ಬಣ್ಣ ಬಿಳಿ, ಹಸಿರು, ಕಪ್ಪು, ಬೂದಿ ಯಾವುದೇ ಇರಲಿ. ಮೇಲಿನದನ್ನು ತೆಗೆದು ಕುಡಿಯೋಣ ಅನ್ನಬೇಡಿ. ಸ್ಕೋಬಿ ಸಮೇತ ಎಲ್ಲವನ್ನೂ ಚೆಲ್ಲಿ, ಜಾಡಿಯನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ.