ಅಚ್ಚಿನ ದೋಷವಲ್ಲ, ಆ ನೊಣ ಹೆಣ್ಣೇ

ಓದುಗರ ಪತ್ರ: ಕಳೆದ ಸಂಚಿಕೆಯ ವಿಜ್ಞಾನ ಲೇಖನದಲ್ಲಿ ‘ಎಕ್ಸ್‌ಎಕ್ಸ್‌ವೈ ಇರುವ ಹಣ್ಣುನೊಣ ಹೆಣ್ಣು’ ಎಂದಿದೆ. ಮನುಷ್ಯರಲ್ಲಿ ಎಕ್ಸ್‌ಎಕ್ಸ್‌ವೈ (ಎರಡು ಎಕ್ಸ್, ಒಂದು ವೈ ವರ್ಣತಂತು) ಎಂದರೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್, ಅಂದರೆ ಗಂಡು ಎಂದು ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತ ಬಂದವನು ನಾನು. ಇದು ಅಚ್ಚಿನ ದೋಷವೇ? ಒಂದು ಜೀನ್ ಬದಲಾದರೆ ಹೆಣ್ಣು ನೊಣ ಹೆಣ್ಣಿನ ಹಿಂದೆಯೇ ಸುತ್ತುತ್ತದೆ ಎಂದೂ ಬರೆದಿದ್ದೀರಿ. ಹಾಗಾದರೆ ನಡವಳಿಕೆಯೆಲ್ಲ ಜೀನ್‌ಗಳದ್ದೇ ಆಟವೇ? ಇವುಗಳಲ್ಲಿ ಗಂಡು–ಹೆಣ್ಣನ್ನು ಮಕ್ಕಳಿಗೆ ತೋರಿಸಬಹುದೇ?
— ಜೀವಶಾಸ್ತ್ರ ಉಪನ್ಯಾಸಕರು, ಶಿವಮೊಗ್ಗ ಜಿಲ್ಲೆ

ಸಂಪಾದಕರ ಉತ್ತರ:

ಪ್ರಿಯ ಮೇಷ್ಟ್ರೇ,

ಅಚ್ಚಿನ ದೋಷವಲ್ಲ. ನೀವು ಮಕ್ಕಳಿಗೆ ಹೇಳುತ್ತಿರುವುದೂ ಸರಿ, ಲೇಖನದಲ್ಲಿ ಬಂದದ್ದೂ ಸರಿ. ಮನುಷ್ಯರಲ್ಲೂ ಹಣ್ಣುನೊಣದಲ್ಲೂ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ಗಂಡಾಗಿಸುವ ಜೀನ್ ವೈ ವರ್ಣತಂತುವಿನ ಮೇಲೆ ಕೂತಿದೆ. 1990ರಲ್ಲಿ ಅದನ್ನು ಗುರುತಿಸಿ ಎಸ್‌ಆರ್‌ವೈ ಎಂದು ಕರೆದರು. ನೊಣದ ವೈಗೆ ಆ ಅಧಿಕಾರವಿಲ್ಲ. ಅದರಲ್ಲಿರುವುದು ಹೆಚ್ಚಾಗಿ ವೀರ್ಯಾಣು ತಯಾರಿಗೆ ಬೇಕಾದ ಜೀನ್‌ಗಳು. ವೈ ಇಲ್ಲದೆ ಒಂದೇ ಎಕ್ಸ್ ಇರುವ ನೊಣ ನೋಡಲು ಗಂಡೇ, ಆದರೆ ಅದಕ್ಕೆ ಮರಿಯಾಗುವುದಿಲ್ಲ.

ಇದನ್ನು ತೋರಿಸಿಕೊಟ್ಟವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ಶಿಷ್ಯರಾಗಿದ್ದ ಕ್ಯಾಲ್ವಿನ್ ಬ್ರಿಡ್ಜಸ್. ಈ ಕಣ್ಣಿನ ಬಣ್ಣದ ಜೀನ್ ಎಕ್ಸ್ ಮೇಲಿರುವುದರಿಂದ, ಬಿಳಿ ಕಣ್ಣಿನ ತಾಯಿ, ಕೆಂಪು ಕಣ್ಣಿನ ತಂದೆಯನ್ನು ಕೂಡಿಸಿದರೆ ಗಂಡುಮರಿಗಳೆಲ್ಲ ಬಿಳಿ ಕಣ್ಣಿನವು, ಹೆಣ್ಣುಮರಿಗಳೆಲ್ಲ ಕೆಂಪು ಕಣ್ಣಿನವು ಆಗಬೇಕು. ಎರಡು ಸಾವಿರಕ್ಕೆ ಒಂದರಂತೆ ಲೆಕ್ಕ ತಪ್ಪುತ್ತಿತ್ತು: ತಾಯಿಯಂತೆ ಬಿಳಿ ಕಣ್ಣಿನ ಮಗಳು, ತಂದೆಯಂತೆ ಕೆಂಪು ಕಣ್ಣಿನ ಮಗ. ಬೇರೆಯವರಾದರೆ ಬಾಟಲಿ ಬದಲಾಗಿರಬೇಕು ಎಂದು ಕೈಬಿಡುತ್ತಿದ್ದರೇನೋ. ಬ್ರಿಡ್ಜಸ್ ಮಾತ್ರ, ತಾಯಿಯ ಎರಡು ಎಕ್ಸ್‌ಗಳು ಬೇರ್ಪಡದೆ ಒಟ್ಟಿಗೇ ಮೊಟ್ಟೆಗೆ ಬಂದಿರಬೇಕು, ತಂದೆಯಿಂದ ವೈ ಸೇರಿರಬೇಕು ಎಂದು ಊಹಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿ ಕಣ್ಣಿನ ಆ ಹೆಣ್ಣುಗಳಲ್ಲಿ ಎರಡು ಎಕ್ಸ್‌ಗಳ ಜೊತೆ ವೈ ಇತ್ತು! ಹೆಣ್ಣು, ಅದೂ ಮೊಟ್ಟೆಯಿಡುವ ಹೆಣ್ಣು. 1916ರಲ್ಲಿ ಶುರುವಾದ ‘ಜೆನೆಟಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆಯ ಮೊದಲ ಪ್ರಬಂಧವೇ ಇದು.

ವೈ ಅಲ್ಲದಿದ್ದರೆ ನಿರ್ಧರಿಸುವುದು ಯಾವುದು? ಎಕ್ಸ್‌ಗಳ ಎಣಿಕೆ. ಎಣಿಸುವ ಜೀನ್‌ನ ಹೆಸರು ಸೆಕ್ಸ್-ಲೀಥಲ್. ಮೊಟ್ಟೆಯಿಟ್ಟ ಎರಡು–ಮೂರು ಗಂಟೆಯ ಹೊತ್ತಿಗೆ, ಭ್ರೂಣದಲ್ಲಿ ಕೋಶಕೇಂದ್ರಗಳು ಒಡೆದೊಡೆದು ಸಾವಿರಾರು ಆಗಿರುತ್ತವೆ, ಆದರೆ ಅವುಗಳ ನಡುವೆ ಇನ್ನೂ ಪೊರೆ ಬಂದಿರುವುದಿಲ್ಲ. ಆಗ ಎಕ್ಸ್ ಮೇಲಿನ ಕೆಲವು ಜೀನ್‌ಗಳು ತಮ್ಮ ಪ್ರೋಟೀನ್ ತಯಾರಿಸುತ್ತವೆ. ಎರಡು ಎಕ್ಸ್ ಇದ್ದರೆ ಪ್ರಮಾಣ ಸಾಕಾಗಿ ಸೆಕ್ಸ್-ಲೀಥಲ್ ಚಾಲೂ ಆಗುತ್ತದೆ. ಚಾಲೂ ಆದರೆ ಹೆಣ್ಣು. ಒಂದೇ ಎಕ್ಸ್ ಇದ್ದರೆ ಚಾಲೂ ಆಗುವುದಿಲ್ಲ, ಆಗ ಗಂಡು.

ಪಠ್ಯಪುಸ್ತಕಗಳು ಇದನ್ನು ‘ಎಕ್ಸ್ ಮತ್ತು ಇತರ ವರ್ಣತಂತುಗಳ ಅನುಪಾತ’ ಎಂದು ಕಲಿಸುತ್ತವೆ. ಅದೂ ಬ್ರಿಡ್ಜಸ್ ಅವರದೇ ಕೊಡುಗೆ. ಉಳಿದ ವರ್ಣತಂತುಗಳು ಎರಡೆರಡರ ಬದಲು ಮೂರು ಮೂರು ಇದ್ದು, ಎಕ್ಸ್ ಮಾತ್ರ ಎರಡೇ ಇರುವ ನೊಣಗಳು ಗಂಡು–ಹೆಣ್ಣುಗಳ ಮಿಶ್ರಣವಾಗುವುದನ್ನು ಕಂಡು 1920ರ ದಶಕದಲ್ಲಿ ಅವರು ಹಾಗೆ ತೀರ್ಮಾನಿಸಿದರು. ಆದರೆ 2007ರಲ್ಲಿ ಜೇಮ್ಸ್ ಎರಿಕ್ಸನ್ ಮತ್ತು ಜೆರೋಮ್ ಕ್ವಿಂಟೆರೊ ಭ್ರೂಣಗಳನ್ನೇ ಪರೀಕ್ಷಿಸಿದಾಗ ಕಂಡದ್ದು ಬೇರೆ. ನೊಣ ಅನುಪಾತ ಹಾಕುವುದಿಲ್ಲ, ಎಕ್ಸ್‌ನ ಪ್ರಮಾಣವನ್ನಷ್ಟೇ ನೋಡುತ್ತದೆ. ಉಳಿದ ವರ್ಣತಂತುಗಳ ಸಂಖ್ಯೆ ಬದಲಾದರೆ ಪೊರೆ ಕಟ್ಟುವ ಗಳಿಗೆ ಹಿಂದುಮುಂದಾಗುತ್ತದೆ, ಅಷ್ಟರಿಂದ ಎಣಿಸಲು ಸಿಗುವ ಸಮಯ ಹೆಚ್ಚುಕಡಿಮೆಯಾಗುತ್ತದೆ. ಅನುಪಾತದ ಪಾಠವನ್ನು ಇನ್ನೂ ಹಾಗೆಯೇ ಉಳಿಸಿಕೊಂಡಿರುವುದು ನನಗಂತೂ ಸರಿ ಕಾಣುವುದಿಲ್ಲ. ಪರೀಕ್ಷೆಗೆ ಅದೇ ಬರೆಸಿ, ಅಂಕ ಹೋಗಬಾರದಲ್ಲ. ತರಗತಿಯಲ್ಲಿ ಇದನ್ನೂ ಹೇಳಿ.

ಎಣಿಕೆಯ ಅವಧಿ ಚಿಕ್ಕದು, ತೀರ್ಮಾನ ಮಾತ್ರ ಜೀವನಪೂರ್ತಿ. ಇಲ್ಲಿದೆ ನನಗೆ ಬಹಳ ಇಷ್ಟವಾದ ಭಾಗ. ಸ್ವಲ್ಪ ಹೊತ್ತಿಗೆ ಗಂಡು ಹೆಣ್ಣು ಎರಡರಲ್ಲೂ ಸೆಕ್ಸ್-ಲೀಥಲ್‌ನ ಆರ್‌ಎನ್‌ಎ (ಪ್ರೋಟೀನ್ ತಯಾರಿಗಾಗಿ ಜೀನ್‌ನಿಂದ ಇಳಿಸಿಕೊಂಡ ನಕಲು) ತಯಾರಾಗತೊಡಗುತ್ತದೆ. ಕತ್ತರಿಸಿ ಜೋಡಿಸುವುದರಲ್ಲಿ ವ್ಯತ್ಯಾಸ. ಒಂದೇ ಹಸ್ತಪ್ರತಿಯನ್ನು ಇಬ್ಬರು ಉಪಸಂಪಾದಕರ ಕೈಗೆ ಕೊಟ್ಟಂತೆ. ಗಂಡಿನಲ್ಲಿ ನಡುವೆ ‘ಇಲ್ಲಿಗೆ ನಿಲ್ಲಿಸು’ ಎಂಬ ಸೂಚನೆಯಿರುವ ತುಂಡು ಹಾಗೇ ಉಳಿದು, ಕೆಲಸಕ್ಕೆ ಬಾರದ ಮೊಟಕು ಪ್ರೋಟೀನ್ ಬರುತ್ತದೆ. ಹೆಣ್ಣಿನಲ್ಲಿ ಮೊದಲೇ ತಯಾರಾಗಿದ್ದ ಪ್ರೋಟೀನ್ ಆ ತುಂಡನ್ನು ತೆಗೆಸಿಹಾಕುತ್ತದೆ, ಪೂರ್ತಿ ಪ್ರೋಟೀನ್ ಬರುತ್ತದೆ, ಅದು ಮುಂದಿನ ಆರ್‌ಎನ್‌ಎಯಿಂದಲೂ ತೆಗೆಸುತ್ತದೆ. ಮತ್ತೆ ಎಕ್ಸ್ ಎಣಿಸುವ ಪ್ರಮೇಯವೇ ಬರುವುದಿಲ್ಲ. ಅದೇ ಪ್ರೋಟೀನ್ ಟ್ರಾನ್ಸ್‌ಫಾರ್ಮರ್ ಎಂಬ ಜೀನ್‌ನ ಆರ್‌ಎನ್‌ಎಯನ್ನು ಹೆಣ್ಣಿನ ರೀತಿಯಲ್ಲಿ ಕತ್ತರಿಸುತ್ತದೆ, ಟ್ರಾನ್ಸ್‌ಫಾರ್ಮರ್ ಅದರ ಮುಂದೆ, ಗಂಡು–ಹೆಣ್ಣಿನ ರೂಪ, ನಡವಳಿಕೆಗಳನ್ನು ರೂಪಿಸುವ ಡಬಲ್‌ಸೆಕ್ಸ್ ಮತ್ತು ಫ್ರೂಟ್‌ಲೆಸ್ ಜೀನ್‌ಗಳದ್ದನ್ನು. ಎರಡು ಎಕ್ಸ್ ಇದ್ದೂ ಟ್ರಾನ್ಸ್‌ಫಾರ್ಮರ್ ಕೆಟ್ಟರೆ ನೊಣ ಗಂಡಿನ ರೂಪ ತಾಳುತ್ತದೆ. ಆಲ್‌ಫ್ರೆಡ್ ಸ್ಟರ್ಟ್‌ವೆಂಟ್ ಇದನ್ನು 1945ರಲ್ಲೇ ವರದಿ ಮಾಡಿದ್ದರು.

ಇನ್ನೊಂದು ಸಂಗತಿ. ನಮ್ಮಂತೆ ಲೈಂಗಿಕ ಹಾರ್ಮೋನು ಮೈಯೆಲ್ಲ ಹರಿದು ಎಲ್ಲ ಕೋಶಗಳನ್ನೂ ಒಂದೇ ದಾರಿಗೆ ತರುವ ಏರ್ಪಾಡು ಇಲ್ಲಿಲ್ಲ. ಹೆಚ್ಚಿನ ಮಟ್ಟಿಗೆ ಪ್ರತಿ ಕೋಶದ ತೀರ್ಮಾನ ಅದರದ್ದೇ. ಹಾಗಾಗಿ ಎಕ್ಸ್‌ಎಕ್ಸ್ ಭ್ರೂಣದ ಒಂದು ಕೋಶಕೇಂದ್ರ ಆರಂಭದಲ್ಲೇ ಒಂದು ಎಕ್ಸ್ ಕಳೆದುಕೊಂಡರೆ, ಅರ್ಧ ಮೈ ಗಂಡು ಅರ್ಧ ಮೈ ಹೆಣ್ಣಾದ ನೊಣವೇ ಹುಟ್ಟಬಹುದು. ಅರ್ಧನಾರೀಶ್ವರನ ಪಟವನ್ನು ತರಗತಿಗೆ ಒಯ್ದರೆ ಮಕ್ಕಳಿಗೆ ಇದು ಮರೆಯಲಾರದು.

ನಡವಳಿಕೆಯ ಪ್ರಶ್ನೆಗೆ ಬರುತ್ತೇನೆ. ಗಂಡು ಹೆಣ್ಣಿನ ಹಿಂದೆ ಹೋಗಿ, ಮುಂಗಾಲಿನಿಂದ ತಟ್ಟಿ, ಒಂದೇ ರೆಕ್ಕೆ ಚಾಚಿ ಕಂಪಿಸಿ ಹಾಡುತ್ತದೆ. 2005ರಲ್ಲಿ ಎಬ್ರು ದೆಮಿರ್ ಮತ್ತು ಬ್ಯಾರಿ ಡಿಕ್ಸನ್, ಹೆಣ್ಣಿನಲ್ಲಿ ಫ್ರೂಟ್‌ಲೆಸ್ ಗಂಡಿನ ರೀತಿ ಕತ್ತರಿಸಿಕೊಳ್ಳುವಂತೆ ಮಾಡಿದಾಗ ಆ ಹೆಣ್ಣುಗಳು ಹೆಣ್ಣುಗಳನ್ನೇ ಓಲೈಸತೊಡಗಿದವು. ಲೇಖನದಲ್ಲಿದ್ದದ್ದು ಇದು. ಆದರೆ ಅಲ್ಲಿಂದ ‘ಎಲ್ಲ ಜೀನ್‌ನಲ್ಲೇ ಇದೆ’ ಎಂದು ಹಾರಬೇಡಿ. 2014ರಲ್ಲಿ ಪ್ರಕಟವಾದ ಕೆಲಸವೊಂದರಲ್ಲಿ, ಗಂಡಿನ ಫ್ರೂಟ್‌ಲೆಸ್ ಪ್ರೋಟೀನೇ ಇಲ್ಲದ ಗಂಡುಗಳನ್ನು ಒಂಟಿಯಾಗಿ ಬೆಳೆಸಿದರೆ ಅವು ಓಲೈಸಲಿಲ್ಲ. ಬೇರೆ ನೊಣಗಳ ಜೊತೆ ಕೆಲವು ದಿನ ಇಟ್ಟರೆ ಕಲಿತವು. ಆ ಕಲಿಕೆಗೂ ಡಬಲ್‌ಸೆಕ್ಸ್ ಬೇಕಿತ್ತು ಎನ್ನಿ. ನೊಣದ ಕತೆಯೇ ಇಷ್ಟು ತೊಡಕಿನದು. ಅದನ್ನು ಮನುಷ್ಯರಿಗೆ ಅಂಟಿಸಿ ಭಾಷಣ ಮಾಡುವವರನ್ನು ನಾನು ನಂಬುವುದಿಲ್ಲ.

ಮಕ್ಕಳಿಗೆ ಧಾರಾಳವಾಗಿ ತೋರಿಸಬಹುದು. ಮಾವಿಗೆ ಹುಳ ಬೀಳಿಸುವ ಹಣ್ಣುನೊಣ ಬೇರೆ ಕುಟುಂಬದ್ದು, ಅದು ಬೇಡ. ಅತಿಯಾಗಿ ಹಣ್ಣಾದ ಬಾಳೆಹಣ್ಣನ್ನು ಬಾಟಲಿಯಲ್ಲಿಟ್ಟರೆ ಮುತ್ತಿಕೊಳ್ಳುವ ಸಣ್ಣವೇ ಡ್ರೊಸೊಫಿಲಾ, ಇಷ್ಟು ಹೊತ್ತು ಹೇಳಿದ ನೊಣಗಳು. ಅವುಗಳಲ್ಲೂ ಹಲವು ಜಾತಿಗಳು ಬೆರೆತಿರುತ್ತವೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ತಳಿ ಕೇಂದ್ರವೇ ಇದೆ, ಶುದ್ಧ ತಳಿಗಾಗಿ ಅಲ್ಲಿ ವಿಚಾರಿಸಿ ನೋಡಿ. ಮೆಲನೊಗ್ಯಾಸ್ಟರ್ ಜಾತಿಯ ಗಂಡಿನ ಹೊಟ್ಟೆಯ ತುದಿ ಗುಂಡಗೆ, ಕಪ್ಪಗೆ. ಹೆಣ್ಣಿನದು ಚೂಪು, ಕೊನೆಯವರೆಗೂ ಪಟ್ಟೆ, ಗಾತ್ರವೂ ತುಸು ದೊಡ್ಡದು. ಸೂಕ್ಷ್ಮದರ್ಶಕ ಇದ್ದರೆ ಗಂಡಿನ ಮುಂಗಾಲಿನ ಮೇಲೆ ಬಾಚಣಿಗೆಯಂಥ ಕಪ್ಪು ಬಿರುಗೂದಲ ಸಾಲೂ ಕಾಣುತ್ತದೆ. ಆಗಷ್ಟೇ ಪ್ಯೂಪಾದ ಕವಚದಿಂದ ಹೊರಬಂದ ನೊಣಗಳು, ಗಂಡಾಗಲಿ ಹೆಣ್ಣಾಗಲಿ, ಬಿಳಿಚಿಕೊಂಡಿರುತ್ತವೆ. ಬಣ್ಣ ನೋಡಿ ವಿಂಗಡಿಸುವುದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.