ಕಿರುಚಿತ್ರದ ಕೊನೆ ದೃಶ್ಯದಲ್ಲಿ ಜನ ಅಳಬೇಕು ಅಂದರೆ ಯಾವ ರಾಗ, ಯಾವ ವಾದ್ಯ ಹಾಕಬೇಕು?

ಒಂಬತ್ತು ವರ್ಷದ ಹಿಂದೆ ಒಬ್ಬ ಪಿಟೀಲು ವಾದಕರ ಮುಂದೆ ಕೂತು ನಾನೂ ಇದನ್ನೇ ಕೇಳಿದ್ದೆ. ಅವರು ಶಿವರಂಜಿನಿ ಅಂದರು. ಅವರ ತಪ್ಪಿಲ್ಲ. ನಾನು ಕೇಳಿದ ಪ್ರಶ್ನೆಗೆ ಅದೇ ಸರಿಯಾದ ಉತ್ತರ. ಪ್ರಶ್ನೆಯೇ ತಪ್ಪಾಗಿತ್ತು.

ಆಗ ಮಂಡ್ಯದಲ್ಲಿದ್ದೆ. ಐದು ಜನ ಗೆಳೆಯರು ದುಡ್ಡು ಹಾಕಿ 13 ನಿಮಿಷದ ಚಿತ್ರ ಮಾಡಿದೆವು. ಪಾಂಡವಪುರದ ಹತ್ತಿರ ಒಂದು ಆಲೆಮನೆಯಲ್ಲಿ ಶೂಟಿಂಗ್. ಗಂಡ ತೀರಿಕೊಂಡಿದ್ದಾನೆ. ಸಾಲಕ್ಕೆ ಹೆಂಡತಿ ಆಲೆಮನೆ ಮಾರಿದ್ದಾಳೆ. ಕೊನೆಯ ಸಲ ಕಬ್ಬು ಅರೆಸಿ, ಇಂಜಿನ್ ನಿಲ್ಲಿಸಿ ತಿರುಗುತ್ತಾಳೆ. ಗೂಟದ ಮೇಲೆ ಗಂಡನ ಟವೆಲ್ಲು ಹಾಗೇ ಇದೆ. ಇಷ್ಟೇ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಓದಿ. 11 ನಿಮಿಷ 20ನೇ ಸೆಕೆಂಡಿಗೆ ಇಂಜಿನ್ ನಿಲ್ಲುತ್ತೆ. ಬೆಲ್ಟು ಇನ್ನೂ ನಾಲ್ಕು ಸಲ ಪಟ ಪಟ ಬಡಿದು ಸುಮ್ಮನಾಗುತ್ತೆ. ಆಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತ ಕೊತ ಕುದಿಯೋದು ಕೇಳುತ್ತೆ. ಅದು ಅಲ್ಲಿಯವರೆಗೂ ಕುದೀತಾನೇ ಇತ್ತು, ಇಂಜಿನ್ ಸದ್ದಿನಲ್ಲಿ ಮುಚ್ಚಿಹೋಗಿತ್ತು. 31ನೇ ಸೆಕೆಂಡಿಗೆ ಅವಳು ಟವೆಲ್ಲು ನೋಡುತ್ತಾಳೆ. ಅಳೋದಿಲ್ಲ. ಮತ್ತೆ ಕೊಪ್ಪರಿಗೆ ಕಡೆ ತಿರುಗಿ ನೊರೆ ತೆಗೆಯುತ್ತಾಳೆ. 40ನೇ ಸೆಕೆಂಡಿಗೆ ಗಲ್ಲ ಒಂಚೂರು ನಡುಗುತ್ತೆ. ಆ ಒಂಬತ್ತು ಸೆಕೆಂಡಿಗಾಗಿ ಆ ಕಲಾವಿದೆ ಮೂರು ದಿನ ಬಂದು ನೊರೆ ತೆಗೆಯೋದು ಕಲಿತಿದ್ದರು.

ನನ್ನ ಪಿಟೀಲು ಶುರುವಾಗಿದ್ದು 16ನೇ ಸೆಕೆಂಡಿಗೆ. ಇಂಜಿನ್ ನಿಲ್ಲೋಕೂ ನಾಲ್ಕು ಸೆಕೆಂಡ್ ಮುಂಚೆ! ಯಾಕೆ? ಭಯ. ಇಂಜಿನ್ ನಿಂತ ಮೇಲೆ ಚಿತ್ರ ಖಾಲಿ ಖಾಲಿ ಅನ್ನಿಸುತ್ತೆ, ಜನ ಬೇಜಾರಾಗ್ತಾರೆ ಅನ್ನೋ ಭಯ. ಪಿಟೀಲು ಚೆನ್ನಾಗಿ ಕೇಳಲಿ ಅಂತ ಉಳಿದ ಸದ್ದೆಲ್ಲ ತಗ್ಗಿಸಿದೆ. ಬೆಲ್ಟು ಹೋಯಿತು, ಕೊತ ಕೊತ ಹೋಯಿತು. ರಾತ್ರಿ ಎರಡು ಗಂಟೆಗೆ ಹೆಡ್‌ಫೋನ್ ಹಾಕಿಕೊಂಡು ನೋಡಿ ನಾನೇ ಅತ್ತೆ. ನನಗೆ ಕಥೆ ಮೊದಲೇ ಗೊತ್ತಿತ್ತು, ಅವಳನ್ನು ತಿಂಗಳಿಂದ ನೋಡುತ್ತಿದ್ದೆ, ಅದಕ್ಕೆ ಅತ್ತೆ. ಪಿಟೀಲಿಂದ ಅಂದುಕೊಂಡೆ. ಅದನ್ನೇ ಒಂದು ಸ್ಪರ್ಧೆಗೂ ಕಳಿಸಿಬಿಟ್ಟೆ.

ಮಂಡ್ಯದಲ್ಲೇ ಒಂದು ಹಾಲ್ ಬಾಡಿಗೆಗೆ ಹಿಡಿದು ತೋರಿಸಿದೆವು. ಪಿಟೀಲು ಶುರುವಾಯಿತು. ಅಳೋ ಸೀನ್ ಬಂತು ಅಂತ ಎಲ್ಲರಿಗೂ ಗೊತ್ತಾಯಿತು. ಕುರ್ಚಿಗಳು ಕಿರುಗುಟ್ಟಿದವು, ಅಲ್ಲೊಂದು ಇಲ್ಲೊಂದು ಮೊಬೈಲ್ ಬೆಳಗಿತು. ಗಲ್ಲ ನಡುಗೋ ಹೊತ್ತಿಗೆ ಅರ್ಧ ಜನ ಪರದೆ ನೋಡುತ್ತಿರಲಿಲ್ಲ. ಆಲೆಮನೆ ಯಜಮಾನರೂ ಬಂದಿದ್ದರು. ಹೊರಗೆ ಬಂದು ಅಂದರು: 'ಇಂಜಿನ್ ನಿಂತ್ರೆ ನಮ್ಗೆ ಎದೆ ಧಸಕ್ ಅಂತದೆ ಕಣಪ್ಪ. ನಿನ್ ಪಿಚ್ಚರ್‌ನಲ್ಲಿ ಅದು ನಿಂತಿದ್ದೇ ಗೊತ್ತಾಗ್ನಿಲ್ವಲ್ಲ.'

ಹಾಗಂತ ಸಂಗೀತ ಬೇಡ ಅಂತಲ್ಲ. 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಅನ್ನೋ ಮನೋವಿಜ್ಞಾನಿಗಳು ಎರಡು ತ್ರಿಕೋನ, ಒಂದು ವೃತ್ತ ಓಡಾಡುವ ಪುಟ್ಟ ಚಿತ್ರ ಮಾಡಿದ್ದರು. 1988ರಲ್ಲಿ ಮಾರ್ಷಲ್ ಮತ್ತು ಕೋಹೆನ್ ಅನ್ನೋ ಸಂಶೋಧಕರು ಅದಕ್ಕೆ ಬೇರೆ ಬೇರೆ ಸಂಗೀತ ಹಾಕಿ ತೋರಿಸಿದರು. ಸಂಗೀತ ಬದಲಾದಾಗ ಆ ಆಕಾರಗಳ ಸ್ವಭಾವದ ಬಗ್ಗೆ ನೋಡಿದವರ ಅಭಿಪ್ರಾಯವೂ ಬದಲಾಯಿತು. ಅಷ್ಟು ಶಕ್ತಿ ಅದಕ್ಕಿದೆ. 1960ರ 'ಸೈಕೋ' ಚಿತ್ರದ ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂತ ನಿರ್ದೇಶಕ ಹಿಚ್‌ಕಾಕ್ ಅಂದುಕೊಂಡಿದ್ದರು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೀ ತಂತಿ ವಾದ್ಯಗಳಲ್ಲಿ ಮಾಡಿ ಕೇಳಿಸಿದ ಮೇಲೆ ಮನಸ್ಸು ಬದಲಾಯಿಸಿದರು. ಆದರೆ ತ್ರಿಕೋನಕ್ಕೆ ಮುಖ ಇರಲಿಲ್ಲ. ನನ್ನ ದೃಶ್ಯಕ್ಕೆ ಮುಖ ಇತ್ತು, ಆ ಮುಖ ಎಲ್ಲಾ ಹೇಳುತ್ತಿತ್ತು. ಅದಕ್ಕಿಂತ ಮುಂಚೆ ನಾನು ಬಾಯಿ ಹಾಕಿದೆ.

ರಾಗದ ಮಾತಿಗೆ ಬರೋಣ. ಮೋಹನ ರಾಗದ ಅಂತರ ಗಾಂಧಾರ (ಎತ್ತರದ 'ಗ') ತೆಗೆದು ಸಾಧಾರಣ ಗಾಂಧಾರ (ಸ್ವಲ್ಪ ತಗ್ಗಿನ 'ಗ') ಇಟ್ಟರೆ ಶಿವರಂಜಿನಿ. ಒಂದೇ ಸ್ವರ. ಎದೆ ಹಿಂಡುತ್ತೆ, ನಿಜ. ಆದರೆ ಅದು ಎಷ್ಟೊತ್ತಿಗೆ ಬಂತು ಅನ್ನೋದೇ ನನ್ನ ಪ್ರಕಾರ ಮುಖ್ಯ, ಯಾವ ರಾಗ ಅನ್ನೋದು ಕೊನೆಗೆ.

ಎರಡು ವಾರ ಕೂತು ಮತ್ತೆ ಮಾಡಿದೆವು. ಬೆಲ್ಟು, ಕೊತ ಕೊತ, ನೊರೆ ತೆಗೆಯೋ ಸದ್ದು ಎಲ್ಲಾ ವಾಪಸ್ ತಂದೆವು. ಅವಳು ಬಾಗಿಲು ದಾಟಿ ಹೋದ ಮೇಲೆ, ಖಾಲಿ ಆಲೆಮನೆಯ ಮೇಲೆ, ಅದೇ ಶಿವರಂಜಿನಿ 25 ಸೆಕೆಂಡ್, ಕೊಳಲಲ್ಲಿ. ಸ್ಪರ್ಧೆಯ ಗಡುವು ಮುಗಿದುಹೋಗಿತ್ತು. ಆಲೆಮನೆ ಅಂಗಳದಲ್ಲೇ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಯಾರೂ ಅಳಲಿಲ್ಲ. ಪರದೆಯ ಮೇಲೆ ಇಂಜಿನ್ ನಿಂತಾಗ ಯಜಮಾನರು ಮಾತ್ರ ತಟ್ಟನೆ ಹಿಂದೆ ತಿರುಗಿ ತಮ್ಮ ಇಂಜಿನ್ ಕಡೆ ನೋಡಿದರು.

ಅದಕ್ಕೇ ಹೇಳೋದು, ಜನ ಅಳಬೇಕು ಅನ್ನೋ ಗುರಿಯನ್ನೇ ಬಿಡಿ. ವಾದಕರಿಗೆ ಅಡ್ವಾನ್ಸ್ ಕೊಟ್ಟಿಲ್ಲ ಅಲ್ವಾ? ಕೊಡೋ ಮುಂಚೆ ಕಥೆ ಗೊತ್ತಿಲ್ಲದ ಯಾರನ್ನಾದರೂ ಕೂರಿಸಿ, ಸಂಗೀತ ಇಲ್ಲದೆ ಕೊನೆ ದೃಶ್ಯ ತೋರಿಸಿ. ನೀವು ಪರದೆ ನೋಡಬೇಡಿ, ಅವರ ಮುಖ ನೋಡಿ. ಅವರು ಅಲುಗಾಡದೆ ಕೂತಿದ್ದು ಯಾವ ಸೆಕೆಂಡಿಗೆ ಅಂತ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಮುಂಚೆ ಒಂದು ಸ್ವರವನ್ನೂ ಇಡಬೇಡಿ. ಆ ಜಾಗದಲ್ಲಿ ನಿಜವಾಗಿ ಯಾವ ಸದ್ದು ಇತ್ತು, ಅದನ್ನು ರೆಕಾರ್ಡ್ ಮಾಡಿದ್ದೀರಾ? ಇಲ್ಲ ಅಂದರೆ ನಾಳೆಯೇ ಹೋಗಿ ಮಾಡಿಕೊಂಡು ಬನ್ನಿ.