ಅಕ್ವೇರಿಯಂಗೆ ಹೊರಟಿದ್ದೀರಾ? ಒಂದು ತೊಟ್ಟಿ ಮುಂದೆ ಜಾಸ್ತಿ ಹೊತ್ತು ನಿಲ್ಲಿ

ದಸರಾ ರಜೆ ಹತ್ತಿರ ಬಂತು. ಈ ಸಲ ಬಂದ ಪತ್ರಗಳಲ್ಲಿ ಮೀನಿನ ಮಾತೇ ಜಾಸ್ತಿ. ಧಾರವಾಡದಲ್ಲಿ ಹೈಸ್ಕೂಲ್ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಇದಕ್ಕಿಂತ ಖುಷಿ ಇನ್ನೇನಿದೆ? ಹಾಗಾಗಿ ಈ ಸಂಚಿಕೆ ಪೂರ್ತಿ ಮೀನಿಗೇ ಮೀಸಲು.

ಅಕ್ಕೋರೇ, ಮಗಳಿಗೆ ಒಂಬತ್ತು, ಮಗನಿಗೆ ನಾಲ್ಕು. ಇಬ್ಬರಿಗೂ ಅಕ್ವೇರಿಯಂ ನೋಡಬೇಕಂತೆ. ಅತ್ತೆಯವರೂ ಬರುತ್ತಾರೆ, ಅವರಿಗೆ ಮೊಣಕಾಲು ನೋವು. ನಮ್ಮನೆಯವರಿಗೆ ಸಿಗೋದು ಒಂದೇ ದಿನ ರಜೆ. ಬೆಂಗಳೂರಿಗೆ ಹೋಗೋಣವೋ, ಕಾರವಾರಕ್ಕೋ? ನಾವು ಮೀನು ತಿನ್ನುವವರಲ್ಲ, ಊಟಕ್ಕೇನು ಮಾಡೋದು?
– ವಿದ್ಯಾನಗರ, ಹುಬ್ಬಳ್ಳಿ

ಒಂದೇ ದಿನ ಅಂದರೆ ಕಾರವಾರ. ಅದರಲ್ಲಿ ಯೋಚನೆ ಮಾಡೋದೇ ಬೇಡ.

ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರಿಂದ ಇದೆ, ಮೀನುಗಾರಿಕೆ ಇಲಾಖೆಯದು. ಪಕ್ಕದಲ್ಲೇ ವಿಶ್ವೇಶ್ವರಯ್ಯ ಮ್ಯೂಸಿಯಂ. ಆದರೆ ನಮ್ಮ ಕಡೆಯವರಿಗೆ ರೈಲಿನ ಲೆಕ್ಕ ಕೂಡೋದಿಲ್ಲ. ಧಾರವಾಡದ ವಂದೇ ಭಾರತ್ ಇಲ್ಲಿಂದ ಬಿಡೋದೇ ಮಧ್ಯಾಹ್ನದ ಮೇಲೆ. ಬೆಳಗಾವಿಯಿಂದ ಬೆಳಿಗ್ಗೆ ಬರೋದು ಬೆಂಗಳೂರು ಮುಟ್ಟುವಾಗ ಮಧ್ಯಾಹ್ನ ದಾಟಿರುತ್ತದೆ. ಇಲ್ಲದಿದ್ದರೆ ಹೋಗಲೊಂದು, ಬರಲೊಂದು ಅಂತ ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು. ಮೊಣಕಾಲು ನೋವಿರುವ ಹಿರಿಯರಿಗೆ, ನಾಲ್ಕು ವರ್ಷದ ಮಗುವಿಗೆ ಅದು ಬೇಡ. ಮುಂದೆ ಯಾವುದಾದರೂ ಮದುವೆಗೆ ಬೆಂಗಳೂರಿಗೆ ಹೋದಾಗ ಅರ್ಧ ದಿನ ಅದಕ್ಕೆ ಇಟ್ಟುಕೊಳ್ಳಿ.

ಹುಬ್ಬಳ್ಳಿಯಿಂದ ಕಾರವಾರ ಸುಮಾರು 165 ಕಿ.ಮೀ. ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ ಮೇಲೆ ಹೋಗಬೇಕು. ನಡುವೆ ನಿಂತು ಹೋದರೆ ನಾಲ್ಕು ಗಂಟೆ ಹಿಡಿಯಿರಿ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ಒಳ್ಳೆಯದು. ಯಲ್ಲಾಪುರದಲ್ಲಿ ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ. ಘಾಟ್ ಬರೋದು ಅದರ ಮುಂದೆ. ಪೂರಿ ತಿಂದ ಮಗು ಅರಬೈಲ್ ತಿರುವಿನಲ್ಲಿ ಕಾರೆಲ್ಲ ಹಾಳು ಮಾಡುತ್ತದೆ. ಒಂದೊಂದು ಇಡ್ಲಿ ಸಾಕು, ಪೂರ್ತಿ ನಾಷ್ಟಾ ಅಂಕೋಲಾದಲ್ಲಿ ಮಾಡಿ. ಘಾಟ್ ಇಳಿಯುವಾಗ ಮಕ್ಕಳ ಕೈಗೆ ಮೊಬೈಲ್ ಕೊಡದೆ ಮುಂದಿನ ರಸ್ತೆ ನೋಡಲು ಹೇಳಿ. ವಾಂತಿ ಬಹಳ ಮಟ್ಟಿಗೆ ತಪ್ಪುತ್ತದೆ.

ಹೊರಡುವ ಹಿಂದಿನ ದಿನ ಫೋನ್ ಮಾಡಿ, ಅಕ್ವೇರಿಯಂ ತೆರೆದಿದೆಯಾ, ಎಷ್ಟು ಹೊತ್ತಿಗೆ, ವಾರದ ರಜೆ ಯಾವತ್ತು ಅಂತ ಕೇಳಲೇಬೇಕು. ಯಾವ ಊರಿನ ಮತ್ಸ್ಯಾಲಯವಾದರೂ ದುರಸ್ತಿಗೆ ಅಂತ ವಾರಗಟ್ಟಲೆ ಬಾಗಿಲು ಹಾಕುವುದುಂಟು. ಅದೇ ಫೋನಿನಲ್ಲಿ ಇನ್ನೊಂದು ಮಾತು ಕೇಳಿ: ಮೀನುಗಳಿಗೆ ಆಹಾರ ಹಾಕೋದು ಎಷ್ಟು ಹೊತ್ತಿಗೆ? ಆ ಹೊತ್ತಿಗೆ ಒಳಗಿದ್ದರೆ ನೋಡುವ ಸುಖವೇ ಬೇರೆ. ಮೂಲೆಯಲ್ಲಿ ಅಡಗಿ ಕೂತ ಮೀನೂ ಹೊರಗೆ ಬರುತ್ತದೆ. ಮನೆಯವರ ರಜೆ ಮಂಗಳವಾರವೋ ಬುಧವಾರವೋ ಹೊಂದಿದರೆ ನಿಮ್ಮ ಪುಣ್ಯ. ಭಾನುವಾರದ ಗದ್ದಲದಲ್ಲಿ ನಾಲ್ಕು ವರ್ಷದವನಿಗೆ ಕಾಣೋದು ದೊಡ್ಡವರ ಬೆನ್ನು ಮಾತ್ರ.

ಕಾರವಾರದಲ್ಲಿ ಎಲ್ಲಾ ಟ್ಯಾಗೋರ್ ಕಡಲತೀರದ ಆಸುಪಾಸಿನಲ್ಲೇ ಇದೆ, ಅತ್ತೆಯವರಿಗೆ ಓಡಾಟ ಕಡಿಮೆ. ಬಿಸಿಲು ಏರುವ ಮೊದಲು ಐಎನ್‌ಎಸ್ ಚಾಪಲ್ ಯುದ್ಧನೌಕೆ ನೋಡಿ. ಅದರೊಳಗೆ ಏಣಿ, ಕಿರಿದಾದ ದಾರಿ ಇರುವುದರಿಂದ ಅತ್ತೆಯವರು ಹೊರಗೆ ನೆರಳಲ್ಲಿ ಕೂರಲಿ. ಬಿಸಿಲು ನೆತ್ತಿಗೆ ಬಂದಾಗ ಅಕ್ವೇರಿಯಂ ಒಳಗೆ ಹೋಗಿ. ಆಮೇಲೆ ಊಟ, ಸ್ವಲ್ಪ ಹೊತ್ತು ಸಮುದ್ರ. ನಾಲ್ಕಕ್ಕೆ ವಾಪಸ್ ಹೊರಡಬೇಕು. ಸೂರ್ಯ ಮುಳುಗೋದನ್ನು ನೋಡಿಯೇ ಹೋಗೋಣ ಅಂತ ಮಕ್ಕಳು ಹಟ ಹಿಡಿಯುತ್ತಾರೆ. ಮನಸ್ಸು ಗಟ್ಟಿ ಮಾಡಿಕೊಳ್ಳಿ. ಲಾರಿಗಳ ಸಾಲಿನ ಹಿಂದೆ ಕತ್ತಲಲ್ಲಿ ಘಾಟ್ ಹತ್ತೋದು ಬೇಡ. ಮಳೆಗಾಲದಲ್ಲಂತೂ ಈ ಪ್ರವಾಸವನ್ನೇ ಇಟ್ಟುಕೊಳ್ಳಬೇಡಿ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ಅನ್ನೋದು ನೆನಪಿದೆಯಲ್ವಾ.

ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಕರಾವಳಿ ಸೆಕೆಗೆ ಪಲ್ಯ ಬೇಗ ಹಳಸುತ್ತದೆ, ಒಣ ಪದಾರ್ಥ ಇರಲಿ. ಶಾಕಾಹಾರಿ ಹೋಟೆಲುಗಳೂ ಕಾರವಾರದಲ್ಲಿವೆ. ಸಮಯ ಸಿಕ್ಕರೆ ತಿನ್ನದಿದ್ದರೂ ಪರವಾಗಿಲ್ಲ, ಮೀನು ಪೇಟೆಗೊಮ್ಮೆ ಮಗಳನ್ನು ಕರೆದುಕೊಂಡು ಹೋಗಿ. ವಾಸನೆಗೆ ಮೂಗು ಮುಚ್ಚಿಕೊಂಡೇ ನೋಡಲಿ. ಅಲ್ಲಿ ನಂಗು ಮೀನು ಕಂಡರೆ ಅದರ ಎರಡೂ ಕಣ್ಣು ಒಂದೇ ಪಕ್ಕದಲ್ಲಿರೋದನ್ನು ತೋರಿಸಿ. ಮರಿಯಾಗಿದ್ದಾಗ ಆಚೆಗೊಂದು, ಈಚೆಗೊಂದು ಇರುತ್ತದೆ. ಬೆಳೆಯುತ್ತಾ ಒಂದು ಕಣ್ಣು ತಲೆ ಮೇಲಿಂದ ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ. ಮರಳಿನ ಮೇಲೆ ಮಗ್ಗುಲಾಗಿ ಮಲಗಿ ಬದುಕುವ ಮೀನಿಗೆ ಕೆಳಗಡೆ ಕಣ್ಣಿದ್ದು ಏನು ಪ್ರಯೋಜನ?

ಹೋದ ವರ್ಷ ಬೇರೆ ಊರಿನ ಒಂದು ಅಕ್ವೇರಿಯಂಗೆ ಹೋಗಿದ್ದೆವು. ಅರ್ಧ ಗಂಟೆಯಲ್ಲಿ ಎಲ್ಲಾ ನೋಡಿ ಮುಗೀತು. ಇಷ್ಟಕ್ಕೇನಾ ಇಷ್ಟು ದೂರ ಬಂದದ್ದು ಅನಿಸಿತು. ಮಕ್ಕಳಿಗೆ ಏನು ತೋರಿಸಬೇಕಿತ್ತು?
– ರಾಣೆಬೆನ್ನೂರು, ಹಾವೇರಿ ಜಿಲ್ಲೆ

ನೀವು ಕೇಳಿದ್ದೇ ನನಗೆ ಬಹಳ ಬೇಕಾದ ಪ್ರಶ್ನೆ.

ಎಲ್ಲಾ ತೊಟ್ಟಿ ನೋಡಲೇಬೇಕು ಅನ್ನೋದನ್ನು ಮೊದಲು ಬಿಡಿ. ಒಂದು ಸುತ್ತು ಹಾಕಿ, ಮಕ್ಕಳಿಗೆ ಇಷ್ಟವಾದ ಎರಡೋ ಮೂರೋ ತೊಟ್ಟಿ ಆರಿಸಿಕೊಂಡು, ಅಲ್ಲಿ ಹತ್ತು ನಿಮಿಷ ನಿಲ್ಲಿ. ಮೊದಲ ಎರಡು ನಿಮಿಷ ಏನೂ ಆಗೋದಿಲ್ಲ. ಆಮೇಲೆ ಒಂದೊಂದೇ ಕಾಣಿಸತೊಡಗುತ್ತದೆ. ಯಾವ ಮೀನು ಯಾವ ಮೂಲೆಯನ್ನು ತನ್ನದು ಅಂತ ಕಾಯುತ್ತಿದೆ, ಯಾವುದು ಯಾವುದನ್ನು ಅಟ್ಟಿಸಿಕೊಂಡು ಹೋಗುತ್ತದೆ, ಯಾವುದು ಗುಂಪು ಬಿಟ್ಟು ಕದಲೋದೇ ಇಲ್ಲ.

ಮಕ್ಕಳಿಗೆ ಕೆಲಸ ಕೊಡಿ. ಮೀನಿನ ಕೆನ್ನೆಯ ಹತ್ತಿರ ಕಿವಿರಿನ ಮುಚ್ಚಳ ತೆರೆದು ಮುಚ್ಚುತ್ತಿರುತ್ತದೆ. ಒಂದು ನಿಮಿಷಕ್ಕೆ ಎಷ್ಟು ಸಲ ಅಂತ ಎಣಿಸಲಿ. ಸುಮ್ನೆ ನಿಂತ ಮೀನಿನದೊಂದು, ಈಗಷ್ಟೇ ಓಡಾಡಿ ಬಂದದ್ದರದೊಂದು. ವ್ಯತ್ಯಾಸ ಯಾಕೆ ಅಂತ ಅವರೇ ಹೇಳುತ್ತಾರೆ. ಮೈಯ ಎರಡೂ ಬದಿಗೆ, ತಲೆಯಿಂದ ಬಾಲದವರೆಗೆ ಒಂದು ಸಣ್ಣ ಗೆರೆ ಇರುತ್ತದೆ. ಬಣ್ಣದ್ದಲ್ಲ, ಪುಟ್ಟ ಪುಟ್ಟ ತೂತುಗಳ ಸಾಲು ಅದು. ನೀರಿನ ಸಣ್ಣ ಅಲುಗಾಟವನ್ನೂ ಮೀನು ಅದರಿಂದಲೇ ಗುರುತಿಸುತ್ತದೆ. ಗಾಜು ತಟ್ಟಬೇಡಿ ಅನ್ನೋದು ಇದಕ್ಕೇ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುತ್ತದೆ. ಹೊರಗೆ ನಾವು ಬೆರಳಲ್ಲಿ ತಟ್ಟಿದ್ದು ಒಳಗಿನ ಮೀನಿಗೆ ಮೈಮೇಲೆ ಬಡಿದ ಪೆಟ್ಟೇ. ಮೊಬೈಲ್ ಫ್ಲ್ಯಾಶ್ ಕೂಡ ಬೇಡ. ಹೆಚ್ಚಿನ ಮೀನುಗಳಿಗೆ ರೆಪ್ಪೆಯೇ ಇಲ್ಲ, ಕಣ್ಣು ಮುಚ್ಚಿಕೊಳ್ಳೋಕೆ ಆಗೋದಿಲ್ಲ. ನಿದ್ದೆಯೂ ಕಣ್ಣು ಬಿಟ್ಟುಕೊಂಡೇ.

ಗೋಲ್ಡ್ ಫಿಶ್, ಕೋಯಿ ಎರಡೂ ಇದ್ದರೆ ಬಾಯಿಯ ಪಕ್ಕ ನೋಡಲು ಹೇಳಿ. ಕೋಯಿಗೆ ಮೀಸೆ ಇದೆ, ಗೋಲ್ಡ್ ಫಿಶ್‌ಗೆ ಇಲ್ಲ. ಗೌರಾಮಿ ಇದ್ದರೆ ಅದು ಆಗಾಗ ಮೇಲೆ ಬಂದು ಗಾಳಿ ನುಂಗೋದನ್ನು ಕಾಯಿರಿ. ಅದಕ್ಕೆ ಕಿವಿರಿನ ಜೊತೆಗೆ ಗಾಳಿಯಿಂದ ಉಸಿರಾಡುವ ಇನ್ನೊಂದು ಅಂಗವಿದೆ. ಗಾಜಿಗೆ ಅಂಟಿಕೊಂಡ ಸಕ್ಕರ್ ಮೀನಿನ ಬಾಯಿಯನ್ನು ಈಚೆ ಬದಿಯಿಂದ ನೋಡಬಹುದು. ದುಂಡನೆಯ ತುಟಿ ಗಾಜಿಗೆ ಒತ್ತಿಕೊಂಡು, ಒಳಗೆ ಸಣ್ಣ ಹಲ್ಲುಗಳು ಪಾಚಿ ಕೆರೆಯುತ್ತಿರುತ್ತವೆ. ಮೂತಿ ಗಾಜಿಗೆ ಹತ್ತಿಸಿಕೊಂಡು ಇದನ್ನು ನೋಡದ ಮಗುವನ್ನು ನಾನಂತೂ ಕಂಡಿಲ್ಲ.

ಸಮುದ್ರದ ಮೀನುಗಳ ಕಡೆ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟಿಯ ಕ್ಲೌನ್ ಮೀನನ್ನು ಮಕ್ಕಳೇ ಗುರುತು ಹಿಡಿಯುತ್ತಾರೆ. ಅವುಗಳ ಕಥೆ ಹೇಳಿ. ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಆ ಹೆಣ್ಣು ಸತ್ತರೆ ಅದರ ಜೋಡಿ ಗಂಡು ಹೆಣ್ಣಾಗಿ ಬದಲಾಗುತ್ತದೆ. ಕಡಲ್ಗುದುರೆಯಲ್ಲಿ ಬಸಿರು ಹೊರೋದು ಗಂಡು. ಹೆಣ್ಣು ಅದರ ಹೊಟ್ಟೆಯ ಚೀಲದಲ್ಲಿ ಮೊಟ್ಟೆ ಇಡುತ್ತದೆ, ಮರಿ ಹೊರಬರೋವರೆಗೆ ಹೊತ್ತು ತಿರುಗೋದು ಅಪ್ಪ. ಮನೆಗೆಲಸಕ್ಕೆ ಮಗನನ್ನು ಕರೆಯೋ ತಾಯಂದಿರು ಇದನ್ನು ಅವಶ್ಯ ಹೇಳಬೇಕು.

ಇನ್ನೂ ಒಂದು ಮಾತು. ಅಲ್ಲಿ ಬಕೆಟ್ ಹಿಡಿದು ಓಡಾಡುವ ಸಿಬ್ಬಂದಿಯನ್ನು ಮಾತಾಡಿಸಿ. "ಕಾಕಾ, ಇದು ಏನು ತಿನ್ನುತ್ತೆ?" ಅಂತ ಮಗುವೇ ಕೇಳಲಿ. ದಿನವೂ ಆ ಮೀನುಗಳ ಜೊತೆ ಇರುವವರು ಅವರು. ಬೋರ್ಡಿನಲ್ಲಿ ಬರೆಯದೇ ಇರೋದು ಅವರಿಗೆ ಗೊತ್ತಿರುತ್ತದೆ.

ನನ್ನ ಮಗಳಿಗೆ ಐದು ವರ್ಷ. ಕತ್ತಲೆ ಕೋಣೆ ಅಂದರೆ ಅಳುತ್ತಾಳೆ. ಕರೆದುಕೊಂಡು ಹೋಗಬಹುದಾ?
– ಮಾಳಮಡ್ಡಿ, ಧಾರವಾಡ

ಹೋಗಬಹುದು. ಗಾಜಿನ ಮೇಲೆ ಪ್ರತಿಬಿಂಬ ಬೀಳದೆ ಮೀನು ಚೆನ್ನಾಗಿ ಕಾಣಲಿ ಅಂತ ಹೊರಗೆ ಕತ್ತಲು ಇಟ್ಟಿರುತ್ತಾರೆ. ಇದನ್ನು ಮನೆಯಲ್ಲೇ ತೋರಿಸಿ. ರಾತ್ರಿ ಕೋಣೆಯ ದೀಪ ಆರಿಸಿ, ಗಾಜಿನ ಲೋಟದ ನೀರಿನ ಹಿಂದೆ ಟಾರ್ಚ್ ಹಿಡಿಯಿರಿ. ಕತ್ತಲು ಯಾಕೆ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಒಳಗೆ ಹೋದ ಮೇಲೂ ಅತ್ತರೆ ಎತ್ತಿಕೊಂಡು ಹೊರಗೆ ಬನ್ನಿ. ಟಿಕೆಟ್ ದುಡ್ಡು ಹೋಯಿತು ಅಂತ ಹಟ ಮಾಡಬೇಡಿ.

ಮೀನುಗಳನ್ನು ಗಾಜಿನೊಳಗೆ ಕೂಡಿ ಹಾಕೋದು ಪಾಪ ಅಲ್ವಾ? ನಮ್ಮ ತಂದೆಯವರು ಇದೇ ಕಾರಣಕ್ಕೆ ಬರೋದಿಲ್ಲ ಅಂತಾರೆ.
– ರೋಣ, ಗದಗ ಜಿಲ್ಲೆ

ನಿಮ್ಮ ತಂದೆಯವರ ಮನಸ್ಸಿಗೆ ನನ್ನ ನಮಸ್ಕಾರ. ಅವರ ಮಾತನ್ನು ತಳ್ಳಿಹಾಕೋ ಹಾಗಿಲ್ಲ.

ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಫಾರಂಗಳಲ್ಲೇ ಹುಟ್ಟಿದವು, ಹೊಳೆ ಕಂಡವಲ್ಲ. ಸಮುದ್ರದ ಮೀನುಗಳ ವಿಷಯ ಬೇರೆ, ಅವುಗಳಲ್ಲಿ ಹೆಚ್ಚಿನವನ್ನು ಕಡಲಿನಿಂದಲೇ ಹಿಡಿದು ತರುತ್ತಾರೆ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಇಂಥದ್ದು ಹೆಚ್ಚಾದಷ್ಟೂ ಕಡಲಿನ ಮೇಲಿನ ಭಾರ ಇಳಿಯುತ್ತದೆ. ಕಡಲ್ಗುದುರೆಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹಿಡಿಯೋದೂ ಮಾರೋದೂ ಅಪರಾಧ. ನಮ್ಮದೇ ಪಶ್ಚಿಮ ಘಟ್ಟದ 'ಮಿಸ್ ಕೇರಳ' ಅನ್ನೋ ಕೆಂಪು ಗೆರೆಯ ಚೆಲುವಾದ ಮೀನು ಅಕ್ವೇರಿಯಂ ವ್ಯಾಪಾರಕ್ಕೆ ವಿಪರೀತ ಹಿಡಿದದ್ದರಿಂದಲೂ ಅಳಿವಿನ ಅಂಚಿಗೆ ಬಂದಿದೆ. ಹಾಗಾಗಿ "ಈ ಮೀನು ಎಲ್ಲಿಂದ ಬಂತು?" ಅಂತ ಕೇಳುವ ಹಕ್ಕು ಟಿಕೆಟ್ ತೆಗೆದುಕೊಂಡ ಪ್ರತಿಯೊಬ್ಬರಿಗೂ ಇದೆ. ಕೇಳಿ.

ಜೊತೆಗೆ ತೊಟ್ಟಿಯನ್ನೂ ಸೂಕ್ಷ್ಮವಾಗಿ ನೋಡಿ. ನೀರು ತಿಳಿಯಾಗಿದೆಯಾ, ರೆಕ್ಕೆಯ ಅಂಚು ಹರಿದಿದೆಯಾ, ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಇದೆಯಾ, ದೊಡ್ಡ ಮೀನಿಗೆ ತಿರುಗಲು ಜಾಗ ಇದೆಯಾ. ಸರಿ ಇಲ್ಲ ಅನಿಸಿದರೆ ಕೌಂಟರಿನಲ್ಲಿ ದೂರು ಬರೆದು ಕೊಟ್ಟು ಬನ್ನಿ. ಮುಚ್ಚಿಸಿಬಿಡಿ ಅಂತ ನಾನು ಹೇಳಲಾರೆ. ಸಮುದ್ರವನ್ನೇ ಕಾಣದ ನಮ್ಮ ಬಯಲುಸೀಮೆ ಮಕ್ಕಳಿಗೆ ಮೀನು ಉಸಿರಾಡೋದನ್ನು ಗೇಣು ದೂರದಿಂದ ನೋಡಲು ಬೇರೆ ಜಾಗ ಎಲ್ಲಿದೆ? ಅದನ್ನು ಚೆನ್ನಾಗಿ ಇಟ್ಟುಕೊಳ್ಳಿ ಅಂತ ಒತ್ತಾಯ ಮಾಡೋಣ.

ಅಕ್ವೇರಿಯಂ ನೋಡಿ ಬಂದಾಗಿನಿಂದ ಮಗ ಹಟ ಹಿಡಿದು ಎರಡು ಗೋಲ್ಡ್ ಫಿಶ್ ತರಿಸಿಕೊಂಡ. ಗಾಜಿನ ಬುಡ್ಡಿಯಲ್ಲಿ ಇಟ್ಟಿದ್ದೆವು. ನೀರು ಬದಲಿಸಿದ ಮರುದಿನವೇ ಒಂದು ಸತ್ತಿತು. ಯಾಕೆ?
– ಗದಗ

ನಳದ ನೀರಿನ ಕ್ಲೋರಿನ್ ಇರಬಹುದು. ನಳ ಬಂದ ದಿನವೇ ಹಿಡಿದ ತಾಜಾ ನೀರನ್ನು ಹಾಕಿದಿರೇನೋ. ನಮ್ಮ ಊರುಗಳಲ್ಲಿ ಹೇಗೂ ನಾಲ್ಕಾರು ದಿನಕ್ಕೊಮ್ಮೆ ನೀರು ಬರೋದು, ಹಿಡಿದಿಡೋ ರೂಢಿ ಇದ್ದೇ ಇದೆ. ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದೆರಡು ದಿನ ಇಟ್ಟ ನೀರನ್ನೇ ಬಳಸಿ. ಒಂದೇ ಸಲಕ್ಕೆ ಪೂರ್ತಿ ಬದಲಿಸದೆ ಕಾಲು ಭಾಗ ತೆಗೆದು ಕಾಲು ಭಾಗ ಹಾಕಿ.

ಆದರೆ ಬುಡ್ಡಿ ಗೋಲ್ಡ್ ಫಿಶ್‌ಗೆ ತಕ್ಕ ಜಾಗವೇ ಅಲ್ಲ. ಅದು ಬಹಳ ಹೊಲಸು ಮಾಡುವ ಮೀನು, ಸಣ್ಣ ನೀರಿನಲ್ಲಿ ಅಮೋನಿಯಾ ಬೇಗ ಸೇರಿ ವಿಷವಾಗುತ್ತದೆ. ಚೆನ್ನಾಗಿ ಸಾಕಿದರೆ ಗೇಣುದ್ದ ಬೆಳೆದು ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಫಿಲ್ಟರ್ ಇರುವ ದೊಡ್ಡ ತೊಟ್ಟಿ ತರಲು ಆದರೆ ತನ್ನಿ. ಆಹಾರ ಚಿಟಿಕೆಯಷ್ಟು ಹಾಕಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ.

ತೊಟ್ಟಿಗೆ ಜಾಗ ಇಲ್ಲದಿದ್ದರೆ ಕೊಂಡ ಅಂಗಡಿಯಲ್ಲೇ ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ ನೋಡಿ, ಇಲ್ಲವೇ ದೊಡ್ಡ ತೊಟ್ಟಿ ಇರುವ ಪರಿಚಯದವರಿಗೆ ಕೊಡಿ. ಪುಣ್ಯ ಬರುತ್ತೆ ಅಂತ ಭೀಷ್ಮ ಕೆರೆಗೆ ಮಾತ್ರ ಬಿಡಬೇಡಿ. ಹೀಗೆ ಯಾರೋ ಬಿಟ್ಟ ಸಕ್ಕರ್ ಮೀನುಗಳು ಇವತ್ತು ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡು ಮೀನುಗಾರರ ಬಲೆ ಹರಿಯುತ್ತಿವೆ.